ಅನುಪಾತ ಬಂತು, ಬೆಲೆ ಬರಲಿಲ್ಲ: ವಾಣಿಜ್ಯ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಎಂ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ಸೆಮಿಸ್ಟರ್‌ನಲ್ಲಿ ಹಣಕಾಸು ತಖ್ತೆಗಳ ವಿಶ್ಲೇಷಣೆ ಇತ್ತು, ಈಗ ಷೇರು ಮೌಲ್ಯಮಾಪನ ನಡೆಯುತ್ತಿದೆ. ಅನುಪಾತಗಳನ್ನು ತಪ್ಪಿಲ್ಲದೆ ಲೆಕ್ಕ ಹಾಕುತ್ತೇನೆ, ಅಂಕವೂ ಬರುತ್ತದೆ. ಆದರೆ ಮೌಖಿಕ ಪರೀಕ್ಷೆಯಲ್ಲಿ ‘ಹಾಗಾದರೆ ಈ ಕಂಪನಿ ಚೆನ್ನಾಗಿದೆಯೋ ಇಲ್ಲವೋ?’ ಎಂದು ಕೇಳಿದಾಗ ಬಾಯಿ ಕಟ್ಟಿಹೋಯಿತು. ನಾನು ಎಡವುತ್ತಿರುವುದು ಎಲ್ಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅನುಪಾತ ಕೈಗೆ ಸಿಕ್ಕ ಕೂಡಲೇ ಉತ್ತರವೂ ಸಿಕ್ಕಿತೆಂಬ ಭಾವನೆಯನ್ನು ನಮ್ಮ ಪ್ರಶ್ನೆಪತ್ರಿಕೆಗಳೇ ಬೆಳೆಸಿವೆ. ಎರಡು ಕಂಪನಿಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಷೇರುದಾರರ ಬಂಡವಾಳದ ಮೇಲಿನ ಪ್ರತಿಫಲ ಶೇ 18. ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಅಂಕ. ಆದರೆ ಈ ಪ್ರತಿಫಲವನ್ನು ಮೂರು ಅಂಶಗಳ ಗುಣಲಬ್ಧವಾಗಿ ಒಡೆಯುವ ಡುಪಾಂಟ್ ವಿಧಾನದಲ್ಲಿ ಬಿಡಿಸಿ ನೋಡಿದಾಗ, ಮೊದಲನೆಯದರಲ್ಲಿ ಮಾರಾಟದ ಮೇಲಿನ ನಿವ್ವಳ ಲಾಭ ಶೇ 12, ಆಸ್ತಿಗಳ ವಹಿವಾಟು (ಮಾರಾಟವು ಆಸ್ತಿಯ ಎಷ್ಟು ಪಟ್ಟು) 1 ಸಲ, ಬಂಡವಾಳದ ಗುಣಕ (ಒಟ್ಟು ಆಸ್ತಿಯು ಸ್ವಂತ ಬಂಡವಾಳದ ಎಷ್ಟು ಪಟ್ಟು) 1.5 ಇದೆ, ಎರಡನೆಯದರಲ್ಲಿ ನಿವ್ವಳ ಲಾಭ ಶೇ 3, ವಹಿವಾಟು 2 ಸಲ, ಗುಣಕ 3 ಇದೆ. ಗುಣಿಸಿದರೆ ಎರಡೂ ಕಡೆ 18 ಬರುತ್ತದೆ. ಎರಡನೆಯ ಕಂಪನಿಯಲ್ಲಿ ಸ್ವಂತದ ಒಂದು ರೂಪಾಯಿಯ ಜೊತೆ ಹೊರಗಿನವರ ಎರಡು ರೂಪಾಯಿ ದುಡಿಯುತ್ತಿದೆ, ಮೊದಲನೆಯದರಲ್ಲಿ ಐವತ್ತೇ ಪೈಸೆ. ನೂರು ರೂಪಾಯಿಯ ವ್ಯಾಪಾರದಲ್ಲಿ ಮೂರೇ ರೂಪಾಯಿ ಉಳಿಯುವ ಕಡೆ ಬಡ್ಡಿಯ ದರವೋ ಕಚ್ಚಾ ಸರಕಿನ ಬೆಲೆಯೋ ಸ್ವಲ್ಪ ಏರಿದರೂ ಆ ಮೂರು ರೂಪಾಯಿ ಕರಗಿಹೋಗಬಹುದು. ಮೌಖಿಕ ಪರೀಕ್ಷೆಯಲ್ಲಿ ನಿಮ್ಮಿಂದ ಬಯಸಿದ್ದು ಈ ಮಾತನ್ನು.

ಎರಡನೆಯ ಹೆಜ್ಜೆ, ಲಾಭವನ್ನು ನಗದಿನ ಪಕ್ಕದಲ್ಲಿಟ್ಟು ನೋಡುವುದು. ನಿಮ್ಮ ಊರಿನ ಜವಳಿ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಉದ್ರಿ ಕೊಟ್ಟ ಸರಕು ಪುಸ್ತಕದಲ್ಲಿ ಮಾರಾಟವಾಗಿರುತ್ತದೆ, ಲಾಭವನ್ನೂ ತೋರಿಸುತ್ತದೆ, ಗಲ್ಲಾಪೆಟ್ಟಿಗೆಗೆ ಮಾತ್ರ ಏನೂ ಬಂದಿರುವುದಿಲ್ಲ. ಒಂದು ವರ್ಷದ ಅಂಕಿಯಿಂದ ಏನೂ ತಿಳಿಯದು. ಐದು ವರ್ಷಗಳ ನಿವ್ವಳ ಲಾಭವನ್ನು ಕೂಡಿ, ಅದೇ ಐದು ವರ್ಷಗಳಲ್ಲಿ ವ್ಯವಹಾರದಿಂದ ಬಂದ ನಗದನ್ನು ಕೂಡಿ, ಎರಡನ್ನೂ ಹೋಲಿಸಿ. ಸವಕಳಿಯಂಥ ನಗದಲ್ಲದ ಖರ್ಚುಗಳನ್ನು ಲಾಭಕ್ಕೆ ಮರಳಿ ಸೇರಿಸುವುದರಿಂದ ನಗದಿನ ಮೊತ್ತ ಸಾಮಾನ್ಯವಾಗಿ ಲಾಭಕ್ಕಿಂತ ಹೆಚ್ಚೇ ಇರಬೇಕು. ಬಹಳ ಕಡಿಮೆ ಇದ್ದರೆ ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಟಿಪ್ಪಣಿಗೆ ಹೋಗಿ. ಹಣಕಾಸು ತಖ್ತೆಗಳ ನಮೂನೆಯನ್ನು ಹೇಳುವ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, ಯಾವ ಬಾಕಿ ಎಷ್ಟು ಹಳೆಯದು ಎಂಬುದನ್ನು ಆರು ತಿಂಗಳಿನಿಂದ ಹಿಡಿದು ಮೂರು ವರ್ಷ ಮೀರಿದವುಗಳವರೆಗೆ ಕಂಪನಿಗಳು ಬಿಡಿಸಿ ತೋರಿಸಲೇಬೇಕು. ನಾವು ಓದುತ್ತಿದ್ದಾಗ ಇಂಥ ಮಾಹಿತಿ ಕನಸಿನಲ್ಲೂ ಸಿಗುತ್ತಿರಲಿಲ್ಲ. ಈಗ ಸಿಕ್ಕರೂ ಆ ಪುಟವನ್ನು ತೆರೆಯುವ ವಿದ್ಯಾರ್ಥಿಗಳು ಕಡಿಮೆ.

ಇಷ್ಟೆಲ್ಲ ಮಾಡಿಯೂ ಮೋಸಹೋಗುವುದುಂಟು. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆಯ ಪತ್ರದ ಪ್ರಕಾರ, ಅಢಾವೆ ಪತ್ರಿಕೆಯಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಶೇ 24 ಎಂದು ತೋರಿಸಿದ್ದ, ಮಾರಾಟದ ಮೇಲಿನ ಕಾರ್ಯಾಚರಣೆಯ ಲಾಭ ನಿಜವಾಗಿ ಇದ್ದದ್ದು ಶೇ 3. ಕಂಪನಿಯು ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದು ಕೆಲವು ತಿಂಗಳಷ್ಟೇ ಆಗಿತ್ತು. ಸುಳ್ಳು ಅಂಕಿಗಳ ಮೇಲೆ ಲೆಕ್ಕ ಹಾಕಿದ ಅನುಪಾತಗಳು ಬಹಳ ಸುಂದರವಾಗಿಯೇ ಇರುತ್ತವೆ. ಅದರಿಂದ ಕಲಿಯಬಹುದಾದ ಒಂದು ಅಭ್ಯಾಸವಿದೆ: ಬ್ಯಾಂಕಿನಲ್ಲಿ ಇಷ್ಟು ಹಣ ಇದೆಯೆಂದು ಕಂಪನಿ ಹೇಳಿದರೆ, ಆ ಹಣಕ್ಕೆ ತಕ್ಕ ಬಡ್ಡಿ ನಗದಾಗಿ ಬಂದಿದೆಯೇ, ಪುಸ್ತಕದಲ್ಲಿ ಮಾತ್ರ ‘ಬರಬೇಕಾಗಿದೆ’ ಎಂದು ಕುಳಿತಿದೆಯೇ ಎಂದು ನೋಡುವುದು. ಸತ್ಯಂ ಪುಸ್ತಕದಲ್ಲಿ ಹಾಗೆ ಬರಬೇಕಾಗಿದ್ದ 376 ಕೋಟಿ ಬಡ್ಡಿಯೂ ಕಲ್ಪಿತವೇ ಆಗಿತ್ತು.

ಪ್ರಶ್ನೆ: ನಾನು ಮತ್ತು ನನ್ನ ಸಹಪಾಠಿ ಒಂದೇ ಕಂಪನಿಯನ್ನು, ಒಂದೇ ವಾರ್ಷಿಕ ವರದಿ ಇಟ್ಟುಕೊಂಡು ಮೌಲ್ಯಮಾಪನ ಮಾಡಿದೆವು. ಅವನಿಗೆ ಬಂದ ಬೆಲೆ ನನ್ನದರ ಎರಡರಷ್ಟು. ಎಕ್ಸೆಲ್‌ನಲ್ಲಿ ಯಾವ ತಪ್ಪೂ ಸಿಗಲಿಲ್ಲ. ಹೀಗಾದರೆ ಈ ವಿದ್ಯೆಯನ್ನು ನಂಬುವುದು ಹೇಗೆ?
– ಎಂಬಿಎ ವಿದ್ಯಾರ್ಥಿ, ಮೈಸೂರು

ಉತ್ತರ: ಇಬ್ಬರ ಲೆಕ್ಕವೂ ಸರಿಯಿರಬಹುದು. ಲಾಭಾಂಶದಿಂದ, ಅಂದರೆ ಷೇರುದಾರರಿಗೆ ಹಂಚುವ ಹಣದಿಂದ, ಷೇರಿನ ಬೆಲೆ ಕಟ್ಟುವ ಗಾರ್ಡನ್ ಸೂತ್ರವನ್ನೇ ತೆಗೆದುಕೊಳ್ಳೋಣ: ಹೂಡಿಕೆದಾರ ಬಯಸುವ ಪ್ರತಿಫಲದ ದರದಿಂದ ಆ ಲಾಭಾಂಶದ ಬೆಳವಣಿಗೆಯ ದರವನ್ನು ಕಳೆದು, ಉಳಿದದ್ದರಿಂದ ಮುಂದಿನ ವರ್ಷದ ಲಾಭಾಂಶವನ್ನು ಭಾಗಿಸಬೇಕು. ಲಾಭಾಂಶ 10 ರೂಪಾಯಿ, ಬಯಸುವ ಪ್ರತಿಫಲ ಶೇ 12 ಇರಲಿ. ಬೆಳವಣಿಗೆ ಶೇ 6 ಎಂದರೆ ಬೆಲೆ 167 ರೂಪಾಯಿ, ಶೇ 7 ಎಂದರೆ 200, ಶೇ 8 ಎಂದರೆ 250. ನೀವು 6 ಎಂದು ಬರೆದು ಅವರು 9 ಎಂದು ಬರೆದಿದ್ದರೆ 167 ಮತ್ತು 333, ನಿಖರವಾಗಿ ಎರಡರಷ್ಟು. ಹತ್ತು ವರ್ಷಗಳ ನಗದು ಹರಿವನ್ನು ಸಾಲುಸಾಲಾಗಿ ಅಂದಾಜು ಮಾಡುವ ದೊಡ್ಡ ಮಾದರಿಯಲ್ಲೂ ಕೊನೆಯ ವರ್ಷದಾಚೆಗಿನ ಮೌಲ್ಯವನ್ನು ಹೆಚ್ಚಾಗಿ ಇದೇ ಸೂತ್ರದಿಂದ ಪಡೆಯುತ್ತಾರೆ, ಒಟ್ಟು ಬೆಲೆಯ ದೊಡ್ಡ ಪಾಲು ಬರುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಮೇಲಿನ ಸಾಲುಗಳಲ್ಲಿ ಎಷ್ಟೇ ಶ್ರದ್ಧೆ ತೋರಿಸಿದರೂ ಕೆಳಗಿನ ಒಂದು ಕೋಶದಲ್ಲಿ ಮನಸ್ಸಿಗೆ ಬಂದ ಸಂಖ್ಯೆ ಬರೆದರೆ ಆ ಶ್ರದ್ಧೆ ವ್ಯರ್ಥ.

ಆ ಸಂಖ್ಯೆ ಮನಸ್ಸಿಗೆ ಬಂದದ್ದಾಗಿರಬೇಕಿಲ್ಲ, ಮತ್ತು ಇಲ್ಲಿಯೇ ಹಿಂದಿನ ಸೆಮಿಸ್ಟರ್‌ನ ಪಾಠ ಕೆಲಸಕ್ಕೆ ಬರುತ್ತದೆ. ಹೊರಗಿನಿಂದ ಹೊಸ ಬಂಡವಾಳ ತಾರದೆ ಕಂಪನಿಯೊಂದು ಬೆಳೆಯಬಲ್ಲ ದರವೆಂದರೆ, ಲಾಭದಲ್ಲಿ ಉಳಿಸಿಕೊಂಡ ಪಾಲನ್ನು ಬಂಡವಾಳದ ಮೇಲಿನ ಪ್ರತಿಫಲದಿಂದ ಗುಣಿಸಿದಷ್ಟು. ಷೇರೊಂದಕ್ಕೆ 20 ರೂಪಾಯಿ ಗಳಿಸಿ 10 ರೂಪಾಯಿ ಹಂಚುವ ಕಂಪನಿ ಅರ್ಧ ಉಳಿಸಿಕೊಂಡಂತಾಯಿತು. ಪ್ರತಿಫಲ ಶೇ 18 ಆದರೆ ಬೆಳವಣಿಗೆ ಶೇ 9, ಪ್ರತಿಫಲ ಶೇ 12 ಆದರೆ ಶೇ 6. ದಾವಣಗೆರೆಯ ವಿದ್ಯಾರ್ಥಿನಿಗೆ ಹೇಳಿದ ಎರಡನೆಯ ಕಂಪನಿಯನ್ನು ನೆನಪಿಸಿಕೊಳ್ಳಿ. ಸಾಲ ಕೊಟ್ಟವರು ಕೈ ಹಿಂದೆಗೆದು ಅದರ ಗುಣಕ 3ರಿಂದ 2ಕ್ಕೆ ಇಳಿದರೆ, ಬಡ್ಡಿಯ ಉಳಿತಾಯವನ್ನು ಸದ್ಯ ಬದಿಗಿಟ್ಟು ಲೆಕ್ಕ ಹಾಕಿದಾಗ, ಅದರ ಪ್ರತಿಫಲ 18ರಿಂದ 12ಕ್ಕೆ ಇಳಿಯುತ್ತದೆ. ಲಾಭಾಂಶ 10 ರೂಪಾಯಿಯೇ ಇದ್ದರೂ ಬೆಲೆ 333ರಿಂದ 167ಕ್ಕೆ ಬೀಳುತ್ತದೆ. ನಿಮ್ಮ ಸಹಪಾಠಿ 9 ಎಂದು ಬರೆದಿದ್ದರೆ ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಶೇ 18ರ ಪ್ರತಿಫಲ ಯಾವುದರಿಂದ ಬಂದಿದೆ, ಅದು ಎಷ್ಟು ಕಾಲ ನಿಲ್ಲುತ್ತದೆ? ನಮ್ಮ ವಿಶ್ವವಿದ್ಯಾಲಯಗಳು ಈ ಎರಡು ವಿಷಯಗಳನ್ನು ಬೇರೆ ಬೇರೆ ಸೆಮಿಸ್ಟರ್‌ನಲ್ಲಿ, ಅನೇಕ ಕಡೆ ಬೇರೆ ಬೇರೆ ಅಧ್ಯಾಪಕರಿಂದ ಕಲಿಸುವುದರಿಂದ ನಡುವಿನ ಈ ಕೊಂಡಿ ಯಾರ ಪಾಠಕ್ಕೂ ಸೇರದೆ ಉಳಿದುಬಿಡುತ್ತದೆ ಎಂಬುದು ನನ್ನ ಹಳೆಯ ದೂರು.

ಒಂದು ಚಂದದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಪ್ರತಿಫಲ ಶೇ 12 ಇರುವ ಕಂಪನಿ ತನ್ನ 20 ರೂಪಾಯಿಯನ್ನೂ ಹಂಚಿ, ಬೆಳೆಯದೆ ಇದ್ದಲ್ಲೇ ಇದ್ದರೆ ಬೆಲೆ ಎಷ್ಟು? 20ನ್ನು ಶೇ 12ರಿಂದ ಭಾಗಿಸಿ: ಅದೇ 167. ಹೂಡಿಕೆದಾರ ಬಯಸುವಷ್ಟೇ ಪ್ರತಿಫಲ ಗಳಿಸುವ ಕಂಪನಿ ಬೆಳೆದರೂ ಒಂದೇ, ಬೆಳೆಯದಿದ್ದರೂ ಒಂದೇ. ‘ವೇಗವಾಗಿ ಬೆಳೆಯುತ್ತಿದೆ’ ಎಂಬ ಕಾರಣಕ್ಕೇ ಷೇರನ್ನು ಹೊಗಳುವ ವರದಿಗಳನ್ನು ಓದುವಾಗ ಇದು ನೆನಪಿರಲಿ.

ಪ್ರಶ್ನೆ: ಬ್ಯಾಂಕೊಂದರ ನಗದು ಹರಿವಿನ ತಖ್ತೆಯಲ್ಲಿ ವ್ಯವಹಾರದ ನಗದು ಋಣಾತ್ಮಕವಾಗಿದೆ. ಲಾಭ ಮಾತ್ರ ಚೆನ್ನಾಗಿದೆ. ಇದು ಅಪಾಯದ ಸೂಚನೆಯೇ?
– ಬಿ.ಕಾಂ. ವಿದ್ಯಾರ್ಥಿ, ಮಂಗಳೂರು

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ಬ್ಯಾಂಕಿಗೆ ಸಾಲ ಕೊಡುವುದೇ ವ್ಯಾಪಾರವಾದ್ದರಿಂದ ಠೇವಣಿಗಿಂತ ಸಾಲ ವೇಗವಾಗಿ ಬೆಳೆದ ವರ್ಷ ಆ ಅಂಕಿ ಋಣಾತ್ಮಕವಾಗಬಹುದು. ಅಲ್ಲಿ ನೋಡಬೇಕಾದದ್ದು ನಿವ್ವಳ ಬಡ್ಡಿ ಅಂತರ (ಗಳಿಸಿದ ಬಡ್ಡಿಗೂ ಕೊಟ್ಟ ಬಡ್ಡಿಗೂ ಇರುವ ವ್ಯತ್ಯಾಸ), ಠೇವಣಿಯಲ್ಲಿ ಉಳಿತಾಯ ಮತ್ತು ಚಾಲ್ತಿ ಖಾತೆಗಳ ಪಾಲು, ವಸೂಲಾಗದ ಸಾಲ, ಅದಕ್ಕಾಗಿ ತೆಗೆದಿಟ್ಟ ಮೊತ್ತ ಮತ್ತು ಬಂಡವಾಳದ ಪರ್ಯಾಪ್ತತೆ (ನಷ್ಟ ತಾಳಿಕೊಳ್ಳುವಷ್ಟು ಬಂಡವಾಳ ಇದೆಯೇ ಎಂಬುದು). ಕೆಟ್ಟ ಸಾಲವನ್ನು ಕೆಟ್ಟದ್ದೆಂದು ಒಪ್ಪಿಕೊಳ್ಳದೆ ಇರುವುದು ಬ್ಯಾಂಕುಗಳಲ್ಲಿ ಲಾಭ ಹಿಗ್ಗಿಸುವ ಹಳೆಯ ದಾರಿ. 2015ರಲ್ಲಿ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟವನ್ನು ಪರಿಶೀಲಿಸಿದ ಮೇಲೆ ಅನೇಕ ಬ್ಯಾಂಕುಗಳ ವಸೂಲಾಗದ ಸಾಲದ ಅಂಕಿಗಳು ದಿಢೀರನೆ ಏರಿದ್ದನ್ನು ಅವುಗಳ ಹಳೆಯ ವಾರ್ಷಿಕ ವರದಿಗಳಲ್ಲಿ ನೀವೇ ನೋಡಬಹುದು.

ಪ್ರಶ್ನೆ: ದೊಡ್ಡ ದೊಡ್ಡ ವಿಶ್ಲೇಷಕರು ಹಿಂಬಾಲಿಸುವ ಕಂಪನಿಯ ಬಗ್ಗೆ ನಾವು ವಿದ್ಯಾರ್ಥಿಗಳು ಬರೆಯುವ ಪ್ರಾಜೆಕ್ಟ್ ವರದಿಗೆ ಏನಾದರೂ ಬೆಲೆಯಿದೆಯೇ?
– ಎಂಬಿಎ ವಿದ್ಯಾರ್ಥಿನಿ, ಧಾರವಾಡ

ಉತ್ತರ: 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಂಬಿಎ ವಿದ್ಯಾರ್ಥಿಗಳ ಗುಂಪೊಂದು ತರಗತಿಯ ಪ್ರಾಜೆಕ್ಟಿಗಾಗಿ ಎನ್ರಾನ್ ಕಂಪನಿಯನ್ನು ಆಯ್ದುಕೊಂಡಿತ್ತು; ನಮ್ಮ ರತ್ನಗಿರಿ ಜಿಲ್ಲೆಯ ದಾಭೋಳದಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಬಂದಿದ್ದ ಅದೇ ಎನ್ರಾನ್. ಲೆಕ್ಕದಲ್ಲಿ ಕೈಚಳಕ ನಡೆದಿರಬಹುದೇ ಎಂದು ಅಳೆಯುವ ಬೆನೀಶ್ ಮಾದರಿಯನ್ನೂ ಬಳಸಿ ಅವರು ಎಚ್ಚರಿಕೆಯ ಲಕ್ಷಣಗಳನ್ನು ಗುರುತಿಸಿದರು ಮತ್ತು ಷೇರನ್ನು ಮಾರಿಬಿಡಿ ಎಂದು ಬರೆದರು. ಆ ಷೇರು ಆಮೇಲೂ ಏರುತ್ತಲೇ ಹೋಗಿ 2000ದ ಆಗಸ್ಟ್‌ನಲ್ಲಿ ಸುಮಾರು 90 ಡಾಲರ್ ಮುಟ್ಟಿತು. ಎರಡು ವರ್ಷ ಆ ವಿದ್ಯಾರ್ಥಿಗಳು ತಪ್ಪಿದವರಂತೆಯೇ ಕಂಡಿರಬೇಕು. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ನಿಮ್ಮ ವರದಿಯಲ್ಲೂ ಬರೆದ ದಿನಾಂಕ, ಅಂದಿನ ಪೇಟೆಯ ಬೆಲೆ, ಮತ್ತು ಏನು ನಡೆದರೆ ನಿಮ್ಮ ತೀರ್ಮಾನ ತಪ್ಪೆಂದು ಒಪ್ಪುತ್ತೀರಿ ಎಂಬುದು ಸ್ಪಷ್ಟವಾಗಿರಲಿ. ಅಂಕಪಟ್ಟಿ ಬಂದ ಮೇಲೂ ವರದಿಯ ಒಂದು ಪ್ರತಿಯನ್ನು ತೆಗೆದಿಟ್ಟು ಮೂರು ವರ್ಷದ ನಂತರ ಒಮ್ಮೆ ಓದಿ ನೋಡಿ.