ಆ ಬಿಳಿ ಬಾಲದ ಇಲಿಗೆ ಪಾಷಾಣ ಇಡಬೇಡಿ ಅಣ್ಣಾ

ಅಣ್ಣಾ, ತೋಟದಂಚಿನ ಹಲಸಿನ ಪೊಟರೆಯಲ್ಲಿ ಅರ್ಧ ಬಾಲ ಬಿಳಿ ಇರುವ ಇಲಿ ಕಂಡಿತು, ಕೋಕೋ ಕಾಯಿ ಹಾಳು ಮಾಡುವುದು ಇದೇನಾ, ಪಾಷಾಣ ಇಡಲಾ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ನೀವು ನೋಡಿದ್ದು ಬಿಳಿ ಬಾಲದ ಕಾಡಿಲಿ. ದೊಡ್ಡ ಕಿವಿ, ಬೂದು ಕಂದು ಮೈ, ಹೊಟ್ಟೆ ಬಿಳಿ. ಬಾಲ ಮೈಗಿಂತ ಉದ್ದ. ಬುಡದಲ್ಲಿ ಕಪ್ಪಗಿದ್ದು, ತುದಿಯ ಕಡೆ ಸುಣ್ಣದಲ್ಲಿ ಅದ್ದಿದ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಹಿತ್ತಲ ಮರದಲ್ಲಿ ಒಂದು ರಾತ್ರಿ ಟಾರ್ಚ್ ಬಿಟ್ಟಾಗ ಮೊದಲು ಕಂಡದ್ದು ಆ ಬಾಲವೇ. ಪೊಟರೆಯಿಂದ ನೇತಾಡುತ್ತಿತ್ತು, ಒಳಗೆ ಒಣ ಎಲೆಯ ಗೂಡು. ಕಪ್ಪು ಇಲಿಯ ಬಾಲ ಹೀಗಿರಲ್ಲ, ಪೂರ್ತಿ ಒಂದೇ ಬಣ್ಣ. ಬಾಲದ ತುದಿ ಬಾಟಲಿ ತೊಳೆಯುವ ಬ್ರಷ್‌ನಂತೆ ಪೊದೆಯಾಗಿದ್ದು ಬೆನ್ನಲ್ಲಿ ಮುಳ್ಳುಗೂದಲಿದ್ದರೆ ಅದು ಬೇರೆಯೇ ಜೀವಿ, ಪಶ್ಚಿಮ ಘಟ್ಟ ಬಿಟ್ಟು ಎಲ್ಲೂ ಇಲ್ಲದ ಮುಳ್ಳಿಲಿ.

ಬಿಳಿ ಬಾಲದ್ದು ಮಲೆನಾಡಿಗೆ ಮಾತ್ರ ಸೇರಿದ್ದಲ್ಲ. 1881ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು ಕಡಪದ ಕಡೆ ಸಿಕ್ಕ ಇಲಿ ನೋಡಿ. ದಕ್ಷಿಣ ಭಾರತದ ಎರಡೂ ಘಟ್ಟಗಳಲ್ಲಿದೆ, ಶ್ರೀಲಂಕಾದಲ್ಲೂ ಇದೆ. ಹಡಗು ಹತ್ತಿ ಊರೂರಿಗೆ ಹರಡಿದ ಇಲಿಯಲ್ಲ, ಇಲ್ಲಿಯದೇ. ಅದಕ್ಕೆ ಬೇಕಾದ್ದು ಕಾಡು, ಪೊಟರೆ ಬಿದ್ದ ಹಳೇ ಮರ. ಹಾಗಾಗಿ ಆ ಹಲಸನ್ನು ದಯವಿಟ್ಟು ಕಡಿಯಬೇಡಿ.

ಇನ್ನು ಕೋಕೋ ವಿಷಯ. ಕಾಯಿಯನ್ನು ತೊಟ್ಟಿನ ಹತ್ತಿರ ಕೊರೆದಿದ್ದರೆ ಸಾಮಾನ್ಯವಾಗಿ ಇಲಿ, ನಡುವಲ್ಲಿ ಕೊರೆದಿದ್ದರೆ ಅಳಿಲು. ತೋಟದಲ್ಲಿ ಜಾಸ್ತಿ ಹಾಳು ಮಾಡುವುದು ಕಪ್ಪು ಇಲಿ. ಮೊದಲು ಕಾಯಿ ಹಣ್ಣಾಗುತ್ತಿದ್ದಂತೆ ಕೊಯ್ಯಿರಿ, ಮರದಲ್ಲಿ ಬಿಡಬೇಡಿ. ಆಮೇಲೆ ಜೀವಂತ ಹಿಡಿಯುವ ಬೋನು ಇಟ್ಟು ಯಾವುದು ಬೀಳುತ್ತದೆ ನೋಡಿ. ಬಿಳಿ ಬಾಲದ್ದು ಬಿದ್ದರೆ ಅಲ್ಲೇ ಬಿಟ್ಟುಬಿಡಿ. ಪಾಷಾಣಕ್ಕೆ ಬಾಲದ ಬಣ್ಣ ಗೊತ್ತಾಗಲ್ಲ ಅಲ್ವಾ? ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದನ್ನು ಗೂಬೆ ಹಿಡಿದರೆ ವಿಷ ಗೂಬೆಗೂ ಹೋಗುತ್ತದೆ. ದಿನಾ ಪುಕ್ಕಟೆ ಇಲಿ ಹಿಡಿಯುವವರನ್ನೇ ನಾವು ಕಳೆದುಕೊಳ್ಳುತ್ತೇವೆ.

ಒಂದು ಮಾತು, ಬರಿಗೈಯಲ್ಲಿ ಮುಟ್ಟಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಮಂಗಗಳಲ್ಲಷ್ಟೇ ಅಲ್ಲ, ಕಾಡಿನ ಇಲಿಗಳಲ್ಲೂ ಸಿಕ್ಕಿದೆ. ಮನುಷ್ಯರಿಗೆ ಅದು ಮುಖ್ಯವಾಗಿ ಹರಡುವುದು ರಕ್ತ ಹೀರುವ ಉಣ್ಣೆ ಹುಳ ಕಚ್ಚುವುದರಿಂದ. ಸತ್ತ ಇಲಿ ಕಂಡರೆ ದಪ್ಪ ಗ್ಲೌಸ್ ಹಾಕಿ ಆಳವಾಗಿ ಹೂಳಿ, ಮನೆಗೆ ಬಂದು ಬಟ್ಟೆ ಬಿಸಿನೀರಲ್ಲಿ ಒಗೆಯಿರಿ.

ಕೊರೆದ ಕಾಯಿಯದ್ದೊಂದು ಫೋಟೋ ಹಾಕಿ, ತೊಟ್ಟು ಕಾಣುವ ಹಾಗೆ.