ಓದುಗರ ಪ್ರಶ್ನೆ: ಆರು ಗಂಟೆಯ ನಿಯಮ, ದಿಲ್ಲಿಯ ಲಾಬಿ, ಅಂಗಳದ ಕ್ಯಾಮೆರಾ

ನಮ್ಮದು ಅಡಿಕೆ ಬೆಳೆಗಾರರ ಸಹಕಾರ ಸಂಘ. ಹತ್ತು ಕಂಪ್ಯೂಟರ್ ಇವೆ. ‘ಹ್ಯಾಕ್ ಆದರೆ ಆರು ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ಇಲ್ಲದಿದ್ದರೆ ಜೈಲು, ಅದಕ್ಕೆ ನಮ್ಮ ಉಪಕರಣವನ್ನೇ ಹಾಕಿಸಿ’ ಎಂದು ಕಂಪನಿಯೊಂದು ಬೆನ್ನು ಬಿದ್ದಿದೆ. ಇಂಥ ನಿಯಮಗಳನ್ನು ಕಂಪನಿಗಳೇ ಮಾಡಿಸಿಕೊಳ್ಳುತ್ತವೆಯೇ?
– ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ನಿಯಮ ನಿಜ. ‘ನಮ್ಮದನ್ನೇ’ ಎನ್ನುವುದು ವ್ಯಾಪಾರ. ಕೇಂದ್ರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್, ಐಟಿ ಕಾಯ್ದೆಯ 70ಬಿ ಕಲಮಿನಡಿ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವಿದು. ನೋಂದಾಯಿತ ಸಹಕಾರ ಸಂಘವೂ ಇದರ ವ್ಯಾಪ್ತಿಗೆ ಬರುತ್ತದೆ. ಪಾಲಿಸದಿದ್ದರೆ ಒಂದು ವರ್ಷದವರೆಗೆ ಸಜೆ ವಿಧಿಸಲು ಅವಕಾಶವಿದೆ. ಆದರೆ ಅದರಲ್ಲಿ ಯಾವ ಬ್ರ್ಯಾಂಡಿನ ಹೆಸರೂ ಇಲ್ಲ.

ಲಾಬಿಯ, ಅಂದರೆ ನಿಯಮ ತಮಗೆ ಬೇಕಾದಂತೆ ಆಗಲಿ ಎಂದು ಸರ್ಕಾರದ ಮೇಲೆ ಒತ್ತಡ ತರುವ ವಿಷಯಕ್ಕೆ ಬಂದರೆ, ಈ ನಿಯಮದ ಮೇಲೆ ಬಹಿರಂಗವಾಗಿ ಬಿದ್ದ ಒತ್ತಡ ಉಲ್ಟಾ ದಿಕ್ಕಿನದು. 2022ರ ಮೇ ತಿಂಗಳಲ್ಲಿ ಹನ್ನೊಂದು ಉದ್ಯಮ ಒಕ್ಕೂಟಗಳು ಒಟ್ಟಾಗಿ ಪತ್ರ ಬರೆದು, 6 ಗಂಟೆಯ ಬದಲು 72 ಗಂಟೆ ಕೊಡಿ ಎಂದು ಕೇಳಿದವು. ಸರ್ಕಾರ ಜಗ್ಗಲಿಲ್ಲ. ಸಣ್ಣ ಉದ್ದಿಮೆಗಳಿಗೂ, ಗ್ರಾಹಕರ ವಿವರ ಇಟ್ಟುಕೊಳ್ಳುವ ವಿಷಯದಲ್ಲಿ ವಿಪಿಎನ್ (ಇಂಟರ್ನೆಟ್ ಬಳಕೆದಾರರ ಗುರುತು ಮರೆಮಾಡುವ) ಸೇವೆಗಳಿಗೂ ಸೆಪ್ಟೆಂಬರ್ 25ರವರೆಗೆ ಗಡುವು ಸಿಕ್ಕಿತು, ಅಷ್ಟೆ. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್ ತಮ್ಮ ಸರ್ವರ್‌ಗಳನ್ನೇ ಭಾರತದಿಂದ ತೆಗೆದವು. ನಿಯಮ ಪಾಲಿಸಬೇಕಾದವರಿಗೆ ಸಡಿಲ ಬೇಕು, ರಕ್ಷಣೆ ಮಾರುವವರಿಗೆ ಬಿಗಿ ಬೇಕು. ‘ದೇಶದ ಹಿತ’ ಎಂಬ ಮಾತು ಮಾತ್ರ ಎರಡೂ ಕಡೆಯವರ ಪತ್ರದಲ್ಲಿ ತಪ್ಪುವುದಿಲ್ಲ.

ನಿಮ್ಮ ಕಚೇರಿಗೆ ಬೇಕಾದದ್ದು ಮುಖ್ಯವಾಗಿ ಮೂರು. ಒಂದು, ಲಾಗ್‌ಗಳನ್ನು 180 ದಿನ ಇಡುವುದು. ಲಾಗ್ ಎಂದರೆ ಯಂತ್ರದಲ್ಲಿ ಯಾವಾಗ ಏನಾಯಿತೆಂದು ಅದೇ ಬರೆದಿಡುವ ದಾಖಲೆ. ವಿಂಡೋಸ್‌ನ ಭದ್ರತಾ ಲಾಗ್ ಸಾಮಾನ್ಯವಾಗಿ 20 ಎಂಬಿ ತುಂಬಿದೊಡನೆ ಹಳೆಯದರ ಮೇಲೆ ಬರೆಯತೊಡಗುತ್ತದೆ, ಆ ಮಿತಿ ಹೆಚ್ಚಿಸಿ. ಅಗ್ಗದ ರೌಟರ್‌ಗಳು ಲಾಗನ್ನು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಡುತ್ತವೆ. ಆಷಾಢದ ಮಳೆಗೆ ಕರೆಂಟ್ ಹೋದರೆ ಅದೂ ಹೋಯಿತು. ಹಾಗಾಗಿ ಲಾಗ್ ಬೇರೊಂದು ಕಂಪ್ಯೂಟರಿಗೆ ಹರಿಯುವಂತೆ ಮಾಡಿಸಿ. ದಿನಕ್ಕೆ 200 ಎಂಬಿ ಎಂದು ಹಿಡಿದರೂ 180 ದಿನಕ್ಕೆ 36 ಜಿಬಿ. ಇದಕ್ಕೆ ದುಬಾರಿ ಪೆಟ್ಟಿಗೆ ಬೇಡ. ಎರಡು, ಗಡಿಯಾರ. ಎಲ್ಲ ಯಂತ್ರಗಳ ಸಮಯ ಎನ್‌ಐಸಿ (ಕೇಂದ್ರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರಿಗೆ ಹೊಂದಿಕೊಂಡಿರಬೇಕು. ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತ ಕಂಪ್ಯೂಟರ್ ಪ್ರತಿ ಸಲ ಹಳೆಯ ತಾರೀಕಿಗೆ ಹೋಗಿ ಕೂರುತ್ತದೆ, ಅದರ ಲಾಗ್ ತನಿಖೆಗೆ ಉಪಯೋಗಕ್ಕೆ ಬಾರದು. ಮೂರು, ವರದಿ ಮಾಡಲು ಒಬ್ಬರನ್ನು ನೇಮಿಸಿ, ಸರ್ಟ್-ಇನ್ ಸಹಾಯವಾಣಿ 1800-11-4949 ಸಂಖ್ಯೆಯನ್ನು ಗೋಡೆಗೆ ಅಂಟಿಸಿ. ಆರು ಗಂಟೆ ಎಣಿಸುವುದು ದಾಳಿ ಗಮನಕ್ಕೆ ಬಂದ ಹೊತ್ತಿನಿಂದ. ಕೈಯಲ್ಲಿರುವಷ್ಟು ವಿವರ ಮೊದಲು ಕೊಟ್ಟು ಉಳಿದದ್ದನ್ನು ಆಮೇಲೆ ಕಳಿಸಬಹುದು. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಕ್ಷಣ ಕರೆ ಮಾಡಿ.

ಇನ್ನು ಆ ಕಂಪನಿಗೆ ಒಂದೇ ಮಾತು ಹೇಳಿ: ‘ನಿರ್ದೇಶನದ ಯಾವ ಸಾಲು ನಿಮ್ಮ ಉಪಕರಣ ಕೇಳುತ್ತದೆ, ಲಿಖಿತವಾಗಿ ಕೊಡಿ.’

ಲಾಬಿ ಕಾನೂನುಬದ್ಧವೇ? ಯಾವ ಕಂಪನಿ ಏನು ಕೇಳಿತೆಂದು ಮಾಹಿತಿ ಹಕ್ಕಿನಲ್ಲಿ ತಿಳಿಯಬಹುದೇ?
– ವಿದ್ಯಾರ್ಥಿನಿ, ಶಂಕರಘಟ್ಟ

ಮನವಿ ಕೊಡುವುದು ಅಪರಾಧವಲ್ಲ, ಲಂಚ ಕೊಡುವುದು ಅಪರಾಧ. ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಲಾಬಿಗಾರರು ನೋಂದಾಯಿಸಿಕೊಳ್ಳಬೇಕು. ಈಗ ಮೂರು ತಿಂಗಳಿಗೊಮ್ಮೆ ಖರ್ಚು, ವಿಷಯ ಎರಡನ್ನೂ ಘೋಷಿಸುತ್ತಾರೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. 2013ರಲ್ಲಿ ಸಂಸದ ಕಾಳಿಕೇಶ್ ನಾರಾಯಣ್ ಸಿಂಗ್ ದೇವ್ ತಂದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಉಳಿದ ದಾರಿ ಮಾಹಿತಿ ಹಕ್ಕೇ.

ಅರ್ಜಿಯನ್ನು ಸರ್ಟ್-ಇನ್‌ಗೆ ಹಾಕಬೇಡಿ. 2023ರ ನವೆಂಬರಿನಲ್ಲಿ ಅದನ್ನು ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಗೆ ಸೇರಿಸಿ ವಿನಾಯಿತಿ ಕೊಡಲಾಗಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಮಾತ್ರ ಬಾಗಿಲು ತೆರೆದಿದೆ. ಕೇಂದ್ರ ಐಟಿ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಹಾಕಿ. ಶುಲ್ಕ ₹10, ಮಿತಿ 500 ಪದ. ‘ಏಕೆ ಬದಲಿಸಿದಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅಧಿಕಾರಿ ಕೊಡಬೇಕಾದ್ದು ಕಡತದಲ್ಲಿರುವುದನ್ನು. ‘ಇಂಥ ಕರಡಿಗೆ ಅಭಿಪ್ರಾಯ ಸಲ್ಲಿಸಿದ ಸಂಸ್ಥೆಗಳ ಪಟ್ಟಿ, ಆ ಪತ್ರಗಳ ಪ್ರತಿ, ಈ ತಾರೀಕಿನಿಂದ ಆ ತಾರೀಕಿನವರೆಗೆ ನಡೆದ ಸಭೆಗಳ ನಡಾವಳಿ’ ಎಂದು ದಾಖಲೆಯನ್ನೇ ಹೆಸರಿಸಿ.

ತಿರಸ್ಕಾರ ಬಂದರೆ ಅಚ್ಚರಿಯಿಲ್ಲ. 2025ರ ಜನವರಿಯಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕರಡು ನಿಯಮ ಪ್ರಕಟಿಸಿದಾಗಲೇ, ಬಂದ ಅಭಿಪ್ರಾಯಗಳನ್ನು ವಿಶ್ವಾಸದ ಮೇಲೆ ಇಟ್ಟುಕೊಳ್ಳುತ್ತೇವೆ, ಬಹಿರಂಗಪಡಿಸುವುದಿಲ್ಲ ಎಂದು ಸಚಿವಾಲಯ ಹೇಳಿಬಿಟ್ಟಿತ್ತು. ಸಾರ್ವಜನಿಕ ನಿಯಮಕ್ಕೆ ಬಂದ ಸಲಹೆಯನ್ನು ಗುಟ್ಟಾಗಿ ಇಡುವುದು ಸರಿಯಲ್ಲ ಎಂಬುದೇ ನಮ್ಮ ಅಭಿಪ್ರಾಯ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದೇ ಕಾಯ್ದೆಯ 8(2)ನೇ ಕಲಮಿನ ಸಾರ್ವಜನಿಕ ಹಿತಾಸಕ್ತಿಯನ್ನೂ, ಗುಟ್ಟಿನ ಭಾಗ ಬಿಟ್ಟು ಉಳಿದದ್ದು ಕೊಡಿ ಎನ್ನುವ 10ನೇ ಕಲಮನ್ನೂ ಎತ್ತಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಅಡಿಕೆ ಒಣಗಿಸುವ ಅಂಗಳಕ್ಕೆ ಕಳ್ಳರ ಭಯದಿಂದ ಹಾಕಿದ ಹಳೆಯ ಚೀನೀ ಕ್ಯಾಮೆರಾ ತೆಗೆಯಬೇಕೇ?
– ಕೃಷಿಕರು, ಸಾಗರ

ಬೇಡ. 2025ರ ಏಪ್ರಿಲ್ 9ರಿಂದ ಜಾರಿಯಾದ ಸಿಸಿಟಿವಿ ಪರೀಕ್ಷಾ ನಿಯಮ ಹೊಸದಾಗಿ ತಯಾರಿಸುವ, ಆಮದಾಗುವ, ಮಾರುವ ಕ್ಯಾಮೆರಾಗಳಿಗೆ. ಗಡುವು ಮುಂದೂಡಿ ಎಂದು ತಯಾರಕರು ಕೇಳಿದ್ದರು, ಸರ್ಕಾರ ಒಪ್ಪಲಿಲ್ಲ. ಹಳೆಯದನ್ನೇ ಬಳಸುವುದಾದರೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ, ರೌಟರ್‌ನಲ್ಲಿ ಕ್ಯಾಮೆರಾಕ್ಕೆಂದು ತೆರೆದ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ಮುಚ್ಚಿಸಿ, ಮನೆಯ ಫೋನ್‌ಗಳಿಂದ ಬೇರೆಯಾದ ಗೆಸ್ಟ್ ವೈಫೈಗೆ ಸೇರಿಸಿ. ಹೊಸದು ಕೊಳ್ಳುವಾಗ ಡಬ್ಬಿಯ ಮೇಲಿನ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಬರುವ ತಯಾರಕರ ಹೆಸರು, ಮಾದರಿ ಡಬ್ಬಿಯ ಮೇಲಿನದಕ್ಕೆ ತಾಳೆಯಾಗದಿದ್ದರೆ ಕೊಳ್ಳಬೇಡಿ.