ಅವರ ಜಗಳ ನಮಗ್ಯಾಕೆ ಅಂದವರಿಗೆ

ನಿಮ್ಮ ಪತ್ರ ತಲುಪಿತು. ಕಳೆದ ಸಂಚಿಕೆಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ಬ್ಯಾಂಡಿನ ಬಗ್ಗೆ ಬಂದ ಲೇಖನ ನಿಮಗೆ ಹಿಡಿಸಿಲ್ಲ. "ಯಾರು ಯಾರನ್ನು ಬಿಟ್ಟರು ಅನ್ನೋದು ಕಟ್ಟೆ ಮೇಲಿನ ಮಾತು. ಹಾಡು ಚೆನ್ನಾಗಿದೆಯಾ ಇಲ್ಲವಾ, ಅಷ್ಟು ಬರೆದರೆ ಸಾಕಲ್ವಾ?" ಎಂದು ಕೇಳಿದ್ದೀರಿ.

ಬೇರೆ ಬ್ಯಾಂಡುಗಳ ವಿಷಯದಲ್ಲಾದರೆ ಬಹುಶಃ ಒಪ್ಪಿಬಿಡುತ್ತಿದ್ದೆ. ಈ ಬ್ಯಾಂಡಿನ ವಿಷಯದಲ್ಲಿ ಒಪ್ಪಲಾರೆ.

1976ರಲ್ಲಿ ಕ್ಯಾಲಿಫೋರ್ನಿಯಾದ ಸಾಸಲೀಟೋದಲ್ಲಿ ಇವರು 'ರೂಮರ್ಸ್' ಆಲ್ಬಂ ರೆಕಾರ್ಡ್ ಮಾಡಲು ಕೂತರು. ಇದ್ದದ್ದು ಐದೇ ಜನ. ಗಿಟಾರ್ ನುಡಿಸುವ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಹಾಡುವ ಸ್ಟೀವಿ ನಿಕ್ಸ್ ಅವರ ಪ್ರೀತಿ ಮುರಿದಿತ್ತು. ಕೀಬೋರ್ಡಿನ ಕ್ರಿಸ್ಟೀನ್ ಮ್ಯಾಕ್‌ವೀ, ಬೇಸ್ ಗಿಟಾರಿನ ಜಾನ್ ಮ್ಯಾಕ್‌ವೀ ಗಂಡ ಹೆಂಡತಿ. ಅವರೂ ಬೇರೆಯಾಗಿದ್ದರು. ಡ್ರಮ್ಸ್‌ನ ಮಿಕ್ ಫ್ಲೀಟ್‌ವುಡ್ ಸಂಸಾರವೂ ನೆಟ್ಟಗಿರಲಿಲ್ಲ. ಆದರೂ ಯಾರೂ ಬ್ಯಾಂಡ್ ಬಿಟ್ಟು ಹೋಗಲಿಲ್ಲ.

ಪ್ರೀತಿ ಮುರಿದ ಮೇಲೆ ಹಾಡು ಬರೆದವರು ಎಷ್ಟೋ ಜನ. ಸಾಮಾನ್ಯವಾಗಿ ಆ ಹಾಡಿನಲ್ಲಿ ಬೈಸಿಕೊಂಡವರು ಎಲ್ಲೋ ದೂರ ಇರುತ್ತಾರೆ. ಇಲ್ಲಿ ಹಾಗಲ್ಲ. ಬೈಸಿಕೊಂಡವರೇ ಪಕ್ಕದ ಮೈಕಿನ ಮುಂದೆ ನಿಂತು ದನಿಗೂಡಿಸಬೇಕಿತ್ತು. 'ಗೋ ಯುವರ್ ಓನ್ ವೇ'ಯಲ್ಲಿ ಬಕಿಂಗ್‌ಹ್ಯಾಮ್ ಮಾಡಿದ ಒಂದು ಆರೋಪ ಶುದ್ಧ ಸುಳ್ಳು, ಆ ಸಾಲು ತೆಗೆ ಅಂದರು ನಿಕ್ಸ್. ಅವರು ತೆಗೆಯಲಿಲ್ಲ. ಆ ಹಾಡಿನ ಕೋರಸ್‌ನಲ್ಲಿ ಕೇಳುವುದು ನಿಕ್ಸ್ ದನಿಯೇ! ಕ್ರಿಸ್ಟೀನ್ ತಮ್ಮ ಹೊಸ ಪ್ರಿಯಕರನ ಮೇಲೆ ಒಂದು ಹಾಡು ಕಟ್ಟಿದರು. ಆ ಪ್ರಿಯಕರ ಬ್ಯಾಂಡಿನ ಲೈಟಿಂಗ್ ನೋಡಿಕೊಳ್ಳುತ್ತಿದ್ದವರು. ಜಾನ್‌ಗೆ ಮಾತ್ರ 'ಇದು ನಮ್ಮ ನಾಯಿ ಮೇಲೆ ಬರೆದದ್ದು' ಅಂದಿದ್ದರಂತೆ. ಪಾಪ, ಜಾನ್ ಅದಕ್ಕೆ ಸೊಗಸಾಗಿ ಬೇಸ್ ನುಡಿಸಿದ್ದಾರೆ.

ಇದು ಗೊತ್ತಾದ ಮೇಲೆ ಕಿವಿಗೆ ಬೀಳುವುದೇ ಬೇರೆ. 'ಡ್ರೀಮ್ಸ್' ತಗೊಳ್ಳಿ. ಪಕ್ಕದ ಖಾಲಿ ರೂಮಿನಲ್ಲಿ ಒಂದು ಕೀಬೋರ್ಡ್ ಇಟ್ಟುಕೊಂಡು ನಿಕ್ಸ್ ಅದನ್ನು ಸುಮಾರು ಹತ್ತು ನಿಮಿಷದಲ್ಲಿ ಬರೆದರು. ಹೆಚ್ಚುಕಮ್ಮಿ ಎರಡೇ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸುತ್ತ ಸುತ್ತುವ ಹಾಡು. ಮೊದಲು ಕೇಳಿದಾಗ ಕ್ರಿಸ್ಟೀನ್‌ಗೆ ಬೋರ್ ಅನಿಸಿತ್ತು. ಅದೇ ಕಾರ್ಡುಗಳು ಒಂದೊಂದು ಭಾಗದಲ್ಲೂ ಬೇರೆ ಬೇರೆಯಾಗಿ ಕೇಳುವ ಹಾಗೆ ಮಾಡಿದವರು ಬಕಿಂಗ್‌ಹ್ಯಾಮ್. ಅಂದರೆ, ತನ್ನನ್ನು ಬಿಟ್ಟವಳು ತನಗೇ ಬರೆದ ಹಾಡನ್ನು ಅವರು ಕೂತು ತಿದ್ದಿ ತೀಡಿದರು. 1977ರಲ್ಲಿ ಅದು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಆ ಬ್ಯಾಂಡಿಗೆ ಅಲ್ಲಿ ಆ ಸ್ಥಾನ ಸಿಕ್ಕಿದ್ದು ಅದೊಂದೇ ಹಾಡಿಗೆ.

ಹಾಗಂತ ಎದೆ ಒಡೆದರೆ ಹಾಡು ತಾನಾಗಿ ಬರುತ್ತೆ ಅನ್ನುವ ಭ್ರಮೆ ನನಗಿಲ್ಲ. ಇವರು ತಿಂಗಳುಗಟ್ಟಲೆ ದುಡಿದರು. ಹಿಂದೆ ಮುಂದೆ ಓಡಿಸಿ ಓಡಿಸಿ ಮೂಲ ಟೇಪೇ ಸವೆದು, ಮೇಲಿನ ಸ್ವರಗಳು ಮಂಕಾದವು. ಕೊನೆಗೆ ಎತ್ತಿಟ್ಟಿದ್ದ ಇನ್ನೊಂದು ಪ್ರತಿಯ ಜೊತೆ ಹೊಂದಿಸಿಕೊಳ್ಳಬೇಕಾಯಿತು. ಬರೀ ಜಗಳದಿಂದ 4 ಕೋಟಿಗೂ ಜಾಸ್ತಿ ಪ್ರತಿ ಖರ್ಚಾಗಲ್ಲ.

ನೀವು ಒಂದೇ ಹಾಡು ಕೇಳುವುದಾದರೆ 'ಸಿಲ್ವರ್ ಸ್ಪ್ರಿಂಗ್ಸ್' ಕೇಳಿ. ನಿಕ್ಸ್ ಹಾಡು. ಉದ್ದ ಜಾಸ್ತಿಯಾಯಿತು ಅಂತ ಆಲ್ಬಂನಿಂದ ಕೈಬಿಟ್ಟರು. ಆಮೇಲೆ 'ಗೋ ಯುವರ್ ಓನ್ ವೇ' ಪ್ಲೇಟಿನ ಹಿಂಬದಿಗೆ ಹಾಕಿದರು. ಒಂದು ಮಗ್ಗುಲಲ್ಲಿ ಅವನ ದೂರು, ಇನ್ನೊಂದು ಮಗ್ಗುಲಲ್ಲಿ ಇವಳ ಉತ್ತರ. ಇಪ್ಪತ್ತು ವರ್ಷ ಕಳೆದು 1997ರಲ್ಲಿ ಎಲ್ಲರೂ ಮತ್ತೆ ಒಂದೇ ವೇದಿಕೆ ಹತ್ತಿದರು. ಅಲ್ಲಿ ಈ ಹಾಡಿನ ಕೊನೆಯ ಭಾಗ ಬಂದಾಗ ನಿಕ್ಸ್ ಪ್ರೇಕ್ಷಕರನ್ನು ಬಿಟ್ಟು ಬಕಿಂಗ್‌ಹ್ಯಾಮ್ ಕಡೆ ತಿರುಗುತ್ತಾರೆ. ನನ್ನ ದನಿ ನಿನ್ನನ್ನು ಬಿಡಲ್ಲ ಅನ್ನುವ ಅರ್ಥದ ಸಾಲನ್ನು ಅವರ ಮುಖಕ್ಕೇ ಹಾಡುತ್ತಾರೆ. ಅವರು ಗಿಟಾರ್ ಬಿಡದೆ ತಿರುಗಿ ನೋಡುತ್ತಾರೆ. ಆಗಿನ್ನೂ ಹುಟ್ಟಿರದಿದ್ದ ಹುಡುಗ ಹುಡುಗಿಯರು ಇವತ್ತು ಆ ವಿಡಿಯೋ ಹಂಚಿಕೊಳ್ಳುತ್ತಿದ್ದಾರೆ. ಆ ನೋಟ ಎಲ್ಲಿಂದ ಬಂತು ಅಂತ ಹೇಳದೆ ಆ ಹಾಡಿನ ಬಗ್ಗೆ ಬರೆಯಿರಿ ಅಂದರೆ ಹೇಗೆ ಸ್ವಾಮಿ?

ನಿಮ್ಮ ಕೋಪ ನ್ಯಾಯ ಅನಿಸುವುದು ಇತ್ತೀಚಿನ ಚಟದ ಬಗ್ಗೆ. ಈಗ ಹಾಡು ಬಂದ ರಾತ್ರಿಯೇ ಇದು ಯಾರ ಮೇಲೆ ಅನ್ನುವ ಪತ್ತೇದಾರಿ ಶುರು. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅಭಿಮಾನಿಗಳಂತೂ ಅವರ ಹಳೆಯ ಗೆಳೆಯರಿಗೆ ಆನ್‌ಲೈನಿನಲ್ಲಿ ಮುತ್ತಿಗೆ ಹಾಕಿದ್ದಾರೆ. 2023ರಲ್ಲಿ ಹಳೆಯದೊಂದು ಹಾಡು ಶುರು ಮಾಡುವ ಮೊದಲು ಸ್ವಿಫ್ಟ್ ತಾವೇ ವೇದಿಕೆಯಿಂದ ಅಭಿಮಾನಿಗಳಿಗೆ ಬುದ್ಧಿ ಹೇಳಬೇಕಾಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಡೆದದ್ದರ ಬಗ್ಗೆ ನನಗೇ ಈಗ ತಲೆಬಿಸಿ ಇಲ್ಲ, ನನ್ನ ಪರವಾಗಿ ಯಾರ ಮೇಲೂ ಬೀಳಬೇಡಿ ಅನ್ನುವುದು ಅವರ ಮಾತಿನ ಸಾರ. ಈ ಪತ್ತೇದಾರಿಯಿಂದ ಹಾಡು ಖರ್ಚಾಗುತ್ತೆ ನಿಜ. ಹಾಡಿನ ಒಳಗೆ ಏನಿದೆ ಅನ್ನುವುದು ಒಬ್ಬರಿಗೂ ಬೇಡ.

ಅದಕ್ಕೇ ನಮ್ಮಲ್ಲಿ ಒಂದು ಲೆಕ್ಕ ಇಟ್ಟುಕೊಂಡಿದ್ದೇವೆ. ಹಾಡಿದವರೇ ಬಾಯಿಬಿಟ್ಟು ಹೇಳಿರಬೇಕು. ಹೇಳಿದ್ದು ಹಾಡಿನಲ್ಲೂ ಕೇಳಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಲೇಖನ ವಾಪಸ್. ಕಳೆದ ಸಂಚಿಕೆಯ ಲೇಖನ ಎರಡರಲ್ಲೂ ಪಾಸಾಗಿತ್ತು. ಅದರಲ್ಲಿ ಹಾಡಿಗೆ ಸಂಬಂಧವಿಲ್ಲದ ಸಾಲು ಒಂದಾದರೂ ಇದೆ ಅನಿಸಿದರೆ ಗೆರೆ ಹಾಕಿ ಕಳಿಸಿ, ಪ್ರಕಟಿಸುತ್ತೇನೆ.

– ಸಂಪಾದಕ